ಓದುಗರ ಪ್ರಶ್ನೆ: ‘ನಿನ್ನ ಅಜ್ಜಿ ಯಾರು?’

ಪ್ರಶ್ನೆ: ಗಾಯಕಿ ಬಫಿ ಸೇಂಟ್-ಮರೀ ಅವರಿಗೆ ಕೊಟ್ಟಿದ್ದ ‘ಆರ್ಡರ್ ಆಫ್ ಕೆನಡಾ’ ಗೌರವವನ್ನು 2025ರಲ್ಲಿ ಹಿಂಪಡೆದ ಸುದ್ದಿ ಓದಿದೆ. ಅವರು ಮೂಲನಿವಾಸಿಯೋ ಅಲ್ಲವೋ ಎಂಬ ಜಗಳವಂತೆ. ಒಂದು ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಮುಗಿಯುವುದಿಲ್ಲವೇ?

ಉತ್ತರ: ಮುಗಿಯುವುದಿಲ್ಲ. ತಮಗೆ ಚೆರೋಕಿ ಮೂಲವಿದೆ ಎನ್ನುತ್ತಿದ್ದ ಅಮೆರಿಕದ ಸೆನೆಟರ್ ಎಲಿಜಬೆತ್ ವಾರೆನ್ 2018ರಲ್ಲಿ ಅದನ್ನೇ ಮಾಡಿದರು. ಹಲವು ತಲೆಮಾರುಗಳ ಹಿಂದೆ ಮೂಲನಿವಾಸಿ ಪೂರ್ವಜರೊಬ್ಬರಿದ್ದಿರಬಹುದು ಎಂದಿತು ಫಲಿತಾಂಶ. ಚೆರೋಕಿ ಮೂಲನಿವಾಸಿಗಳ ಸರ್ಕಾರವಾದ ಚೆರೋಕಿ ನೇಷನ್ ಅದನ್ನು ಖಂಡಿಸಿತು, ಮರುವರ್ಷ ವಾರೆನ್ ಕ್ಷಮೆ ಕೇಳಿದರು. ಚೆರೋಕಿ ನೇಷನ್ನಿನ ಪೌರತ್ವ ಬೇಕಾದರೆ ಅಮೆರಿಕ ಸರ್ಕಾರ ಹಿಂದೆ ಮಾಡಿಸಿದ ಮೂಲನಿವಾಸಿಗಳ ಹೆಸರುಪಟ್ಟಿಯಾದ ಡಾಸ್ ಪಟ್ಟಿಯಲ್ಲಿ ನಿಮ್ಮ ಪೂರ್ವಜರ ಹೆಸರು ಇರಬೇಕು. ನೀವು ಯಾರ ಮನೆಯ ಮಗು ಎಂಬುದನ್ನು ಜೊಲ್ಲಿನ ಮಾದರಿ ಹೇಳಲಾರದು.

ಸೇಂಟ್-ಮರೀ ಅವರ ವಿಷಯ ನನಗೆ ನೋವಿನದು, ಅವರ ಹಾಡು ಕೇಳುತ್ತ ಬೆಳೆದವಳು ನಾನು. ಕೆನಡಾದ ಸಸ್ಕಾಚೆವನ್ ಪ್ರಾಂತ್ಯದ ಪಿಯಾಪಾಟ್ ಎಂಬಲ್ಲಿ, ಕ್ರೀ ಎಂಬ ಮೂಲನಿವಾಸಿ ಸಮುದಾಯದಲ್ಲಿ ಹುಟ್ಟಿದೆ ಎಂಬುದು ಅವರು ದಶಕಗಳ ಕಾಲ ಹೇಳಿಕೊಂಡ ಕಥೆ. 2023ರಲ್ಲಿ ಕೆನಡಾದ ಸಾರ್ವಜನಿಕ ಪ್ರಸಾರ ಸಂಸ್ಥೆ ಸಿಬಿಸಿ ತೋರಿಸಿದ ಜನನ ಪತ್ರದಲ್ಲಿದ್ದ ಊರು ಅಮೆರಿಕದ ಮ್ಯಾಸಚೂಸೆಟ್ಸ್‌ನದು. ತಾನು ಸುಳ್ಳು ಹೇಳಿಲ್ಲ ಎನ್ನುತ್ತಾರೆ ಅವರು. ಪಿಯಾಪಾಟ್‌ನ ಕುಟುಂಬವೊಂದು ಅವರನ್ನು ತಮ್ಮವರೆಂದು ಸ್ವೀಕರಿಸಿದ್ದೂ ನಿಜ. ಆ ನಂಟನ್ನು ನಾನು ಗೌರವಿಸುತ್ತೇನೆ. ಆದರೆ ದೊಡ್ಡವಳಾದ ಮೇಲೆ ಸಿಕ್ಕ ಮನೆ, ಹುಟ್ಟಿದ ಮನೆಯ ಕಥೆಯನ್ನು ಬದಲಿಸುವುದಿಲ್ಲ.

ವಿಶ್ವವಿದ್ಯಾಲಯಗಳ ಮಟ್ಟಿಗೆ ಪೆಟ್ಟು ಇನ್ನೂ ನೇರ. ಕ್ಯಾರಿ ಬುರಾಸಾ ಸಸ್ಕಾಚೆವನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿಯಾಗಿದ್ದರು. ಮೂಲನಿವಾಸಿಗಳ ಆರೋಗ್ಯ ಸಂಶೋಧನೆಗೆ ಇಡೀ ದೇಶದಲ್ಲೇ ಮುಖ್ಯವಾದ ಸಂಸ್ಥೆಯ ವೈಜ್ಞಾನಿಕ ನಿರ್ದೇಶಕಿಯೂ ಆಗಿದ್ದರು. 2021ರಲ್ಲಿ ಅವರ ವಂಶಾವಳಿಯ ಬಗ್ಗೆ ಪ್ರಶ್ನೆ ಎದ್ದಿತು, 2022ರಲ್ಲಿ ರಾಜೀನಾಮೆ ಕೊಟ್ಟರು. ಅದೇ ವರ್ಷ ವಿಶ್ವವಿದ್ಯಾಲಯ ಹೊಸ ನಿಯಮ ತಂದಿತು: ಬಾಯಿಮಾತು ಸಾಲದು, ದಾಖಲೆ ಬೇಕು. ನನಗದು ಸರಿ ಎನಿಸಿತು. ಮೂಲನಿವಾಸಿಗಳಿಗೆಂದೇ ಮೀಸಲಾದ ಕುರ್ಚಿ, ಅನುದಾನ, ವಿದ್ಯಾರ್ಥಿವೇತನ ಒಂದೊಂದೂ ದೀರ್ಘ ಹೋರಾಟದಿಂದ ಬಂದವು. ಅದರಲ್ಲಿ ಬೇರೆಯವರು ಕುಳಿತರೆ, ಕುಳಿತುಕೊಳ್ಳಬೇಕಾಗಿದ್ದವಳು ಹೊರಗೇ ಉಳಿಯುತ್ತಾಳೆ. ಅವಳ ಹೆಸರು ಯಾರಿಗೂ ತಿಳಿಯುವುದೂ ಇಲ್ಲ.

ಪ್ರಶ್ನೆ: ಹಾಗಾದರೆ ದಾಖಲೆಯೇ ಇಲ್ಲದವರ ಗತಿ?

ಉತ್ತರ: ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ಋಣಿ. ದಾಖಲೆ ಕೆಡಿಸಿದ್ದೇ ಸರ್ಕಾರ. ಮೂಲನಿವಾಸಿಯಲ್ಲದವರನ್ನು ಮದುವೆಯಾದ ಮಹಿಳೆಯ ಮೂಲನಿವಾಸಿ ಮಾನ್ಯತೆಯನ್ನು ಕೆನಡಾದ ಕಾನೂನು 1985ರವರೆಗೂ ಕಿತ್ತುಕೊಳ್ಳುತ್ತಿತ್ತು. ‘ಸಿಕ್ಸ್‌ಟೀಸ್ ಸ್ಕೂಪ್’ ಎನ್ನುವ ಕಾಲದಲ್ಲಿ ಸಾವಿರಾರು ಮೂಲನಿವಾಸಿ ಮಕ್ಕಳನ್ನು ತಾಯಂದಿರಿಂದ ಬೇರ್ಪಡಿಸಿ ಬಿಳಿಯರ ಮನೆಗಳಿಗೆ ಕೊಟ್ಟರು.

ಸಸ್ಕಟೂನ್‌ನಲ್ಲಿ ಓದುತ್ತಿದ್ದಾಗ ಹಾಗೆ ಬೇರ್ಪಟ್ಟ ಒಬ್ಬಳ ಮಗಳು ನನ್ನ ತರಗತಿಯಲ್ಲಿದ್ದಳು. ಒಂದು ಸಂಜೆ ಕ್ರೀ ಹಿರಿಯಳೊಬ್ಬಳು ಅವಳಿಗೆ ಚಹಾ ಕೊಟ್ಟು, “ನಿನ್ನ ಕೊಕಮ್ ಯಾರು?” ಎಂದಳು. ಕೊಕಮ್ ಎಂದರೆ ಅಜ್ಜಿ. ಹುಡುಗಿಗೆ ಗೊತ್ತಿರಲಿಲ್ಲ, ತಾಯಿಯ ಕಡತದಲ್ಲಿದ್ದ ಒಂದು ಊರಿನ ಹೆಸರು ಮಾತ್ರ ಹೇಳಿದಳು, ನಾಚಿಕೊಂಡು. ಹಿರಿಯಳು ಸಂಶಯಪಡಲಿಲ್ಲ, ಹೊಗಳಲೂ ಇಲ್ಲ. ಫೋನ್ ತೆಗೆದುಕೊಂಡು ಒಬ್ಬರಾದ ಮೇಲೊಬ್ಬರಿಗೆ ಕರೆ ಮಾಡಿದಳು. ಚಹಾ ಆರಿಹೋಯಿತು. ನಾಲ್ಕನೆಯ ಕರೆಯಲ್ಲಿ ಅತ್ತಲಿಂದ ಯಾರೋ ಅಳತೊಡಗಿದರು. ಹಿರಿಯಳು ಲಕೋಟೆಯ ಬೆನ್ನಿನ ಮೇಲೆ ಒಂದು ಹೆಸರು ಬರೆದು ಹುಡುಗಿಯ ಕಡೆಗೆ ಸರಿಸಿದಳು.