‘ನಮಗಾಗಿಯೇ ಬದುಕಿದರು’ ಅನ್ನುವ ಮುಂಚೆ

ಮನೆಗಾಗಿ ಜೀವ ತೇಯ್ದವರೊಬ್ಬರು ತೀರಿಕೊಂಡ ಮೇಲೆ ಸಲಹೆಗಾರಳಾದ ನನ್ನ ಹತ್ತಿರ ಬರುವವರು ಪದೇಪದೇ ಹೇಳುವ ಮಾತೊಂದಿದೆ: “ಅವರು ನಮಗಾಗಿಯೇ ಬದುಕಿದರು.” ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಹೇಳಿದವರನ್ನೇ ಆ ಮಾತು ಹಿಂಡುವುದನ್ನು ನೋಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಬಂದವರ ಒಪ್ಪಿಗೆ ಇದೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಹಾಗೆ ಬಂದವರಲ್ಲೊಬ್ಬರು ನಡುವಯಸ್ಸಿನ ಗಂಡಸು. ಚಿಕ್ಕಂದಿನಲ್ಲೇ ತಾಯಿ ಹೋಗಿದ್ದರು. ಅಕ್ಕ ಓದು ಬಿಟ್ಟು ತಮ್ಮ, ತಂಗಿಯನ್ನು ಸಾಕಿದರು. ಆಮೇಲೆ ಹಾಸಿಗೆ ಹಿಡಿದ ತಂದೆಯನ್ನೂ ನೋಡಿಕೊಂಡರು. ಮದುವೆಯಾಗಲಿಲ್ಲ. ಆ ಅಕ್ಕ ತೀರಿಕೊಂಡು ವರ್ಷವಾಗುತ್ತಾ ಬಂದಿತ್ತು. ಮನೆಯವರೆಲ್ಲ ಸೇರುವ ದಿನ ಅಕ್ಕನ ಬಗ್ಗೆ ನಾಲ್ಕು ಮಾತು ಬರೆದು ಓದುವುದು ಇವರ ಪಾಲಿಗೆ ಬಂದಿತ್ತು. ಮೊದಲ ಸಾಲಿನ ಮುಂದೆ ಬರೆಯಲು ಆಗುತ್ತಿರಲಿಲ್ಲ. “ನಾವು ಅವಳ ಬದುಕನ್ನೇ ತಿಂದುಬಿಟ್ವಿ ಮೇಡಂ” ಅನ್ನುತ್ತಿದ್ದರು. ನಿದ್ದೆ ಕೆಟ್ಟಿತ್ತು.

ಮೊದಲೆರಡು ಭೇಟಿಗಳಲ್ಲಿ ಅಕ್ಕನ ಗುಣಗಾನವೇ ಜಾಸ್ತಿ. ನಾನೂ ಕೇಳಿಸಿಕೊಂಡೆ. ಮೂರನೇ ಸಲ ಬಂದವರು ಕೂತ ಕೂಡಲೇ ಅಂದರು: “ಅಕ್ಕ ಯಾವತ್ತೂ ಸಿಟ್ಟು ಮಾಡಿಕೊಂಡವಳೇ ಅಲ್ಲ ಅಂತ ಎಲ್ಲರೂ ಹೇಳ್ತಾರೆ. ನನ್ನ ಮೇಲೆ ಮಾಡಿಕೊಂಡಿದ್ಲು. ಅಂಥವಳಿಗೂ ಸಿಟ್ಟು ಬರಿಸಿದವನು ನಾನೊಬ್ಬನೇ.”

ಏನಾಯ್ತು ಅಂತ ಕೇಳಿದೆ. ತಂದೆ ಹೋದ ಮೇಲೆ ಇವರು ಅಕ್ಕನಿಗೆ, “ಇಲ್ಲಿ ಒಬ್ಬಳೇ ಇದ್ದು ಏನು ಮಾಡ್ತೀಯ? ನಮ್ಮನೆಗೆ ಬಂದುಬಿಡು, ಮಕ್ಕಳಿಗೂ ಆಗುತ್ತೆ” ಅಂದಿದ್ದರಂತೆ. ಅಕ್ಕನ ಮುಖ ಕೆಂಪಾಯಿತಂತೆ. “ನನ್ನ ಒಂದು ಮಾತು ಕೇಳದೆ ನೀನೇ ತೀರ್ಮಾನ ಮಾಡಿಬಿಟ್ಯಾ? ನಾನು ಬರಲ್ಲ. ನನಗೆ ಹಾಡಿನ ಕ್ಲಾಸಿದೆ.” ಹಾಗಂದವರು ತಿಂಗಳುಗಟ್ಟಲೆ ಸರಿಯಾಗಿ ಮಾತಾಡಲಿಲ್ಲ. ಹೋಗಲೂ ಇಲ್ಲ. ಕೊನೆಯವರೆಗೂ ಹಾಡು ಕಲಿಯುತ್ತಿದ್ದರು.

“ಇದನ್ನು ಬರೆಯಿರಿ” ಅಂದೆ. ಅವರು ಗಾಬರಿಯಾದರು. “ಅಕ್ಕನಿಗೆ ಅವಮಾನ ಅಲ್ವಾ?”

ಅಲ್ಲ. ಯಾಕೆ ಅಂತ ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಬೇಡ ಅನ್ನಲು ಬರುತ್ತಿದ್ದ ಹೆಂಗಸು ಅವರು. ಅಂದಮೇಲೆ ತಂದೆಯ ಪಕ್ಕ ಕೂತದ್ದು, ತಮ್ಮನ ಮಕ್ಕಳನ್ನು ಎತ್ತಿಕೊಂಡದ್ದು ಕೂಡ ಬೇರೆ ದಾರಿ ಕಾಣದೆ ಮಾಡಿದ್ದು ಅಂತ ಯಾಕೆ ಅಂದುಕೊಳ್ಳಬೇಕು? ಅದರಲ್ಲಿ ಅವರ ಇಷ್ಟವೂ ಇದ್ದಿರಬಹುದು. ಚಿಕ್ಕ ವಯಸ್ಸಿನಲ್ಲಿ ಓದು ಬಿಟ್ಟಾಗ ಅವರಿಗೆ ಆಯ್ಕೆ ಇತ್ತು ಅಂತ ಮಾತ್ರ ನಾನು ಹೇಳಲಾರೆ, ಹೇಳಲೂ ಇಲ್ಲ. ಅಲ್ಲಿ ಅನ್ಯಾಯವಾಗಿದ್ದು ನಿಜ. ಆದರೆ ಆ ಅನ್ಯಾಯ ಮಾಡಿದ್ದು ಆಗ ಪುಟ್ಟ ಹುಡುಗನಾಗಿದ್ದ ತಮ್ಮನಲ್ಲ. ಇದನ್ನು ಕೇಳಿ ಅವರು ತುಂಬ ಹೊತ್ತು ಅತ್ತರು. ನಾನು ಸುಮ್ಮನಿದ್ದೆ.

ಕೊಟ್ಟ ಸಲಹೆ ಇಷ್ಟೇ. ‘ನಮಗಾಗಿ’ ಅನ್ನುವ ಪದ ಬಳಸದೆ ಒಂದು ಪುಟ ಬರೆಯಿರಿ. ಅದರಲ್ಲಿ ಅಕ್ಕ ಇರಬೇಕು, ನೀವು ಇರಬಾರದು. ಅವರು ಯಾವುದಕ್ಕೆ ನಗುತ್ತಿದ್ದರು, ಯಾರ ಜೊತೆ ಹರಟುತ್ತಿದ್ದರು, ಯಾವುದನ್ನು ಕಂಡರೆ ಆಗುತ್ತಿರಲಿಲ್ಲ. ಗೊತ್ತಿಲ್ಲದಿದ್ದರೆ ಹಾಡಿನ ಕ್ಲಾಸಿನವರನ್ನು ಹುಡುಕಿ ಕೇಳಿ.

ಹೋದವರಿಂದ ಮನಸ್ಸನ್ನು ಮೆಲ್ಲಗೆ ಬಿಡಿಸಿಕೊಳ್ಳುವುದೇ ಶೋಕದ ಕೆಲಸ ಅಂತ ಮನೋವಿಶ್ಲೇಷಣೆಯನ್ನು ಶುರು ಮಾಡಿದ ಫ್ರಾಯ್ಡ್ 1917ರಲ್ಲಿ ಬರೆದಿದ್ದರು. ಬಹಳ ಕಾಲ ಸಲಹೆಗಾರರೂ ಅದನ್ನೇ ನಂಬಿದ್ದರು. 1996ರಲ್ಲಿ ಕ್ಲಾಸ್, ಸಿಲ್ವರ್‌ಮನ್, ನಿಕ್‌ಮನ್ ಅನ್ನುವ ಮೂವರು ಸಂಶೋಧಕರು ಬೇರೆ ಮಾತು ಮುಂದಿಟ್ಟರು: ಸಾವಿನ ಆಚೆಗೂ ನಂಟು ರೂಪ ಬದಲಿಸಿ ಉಳಿಯುತ್ತದೆ, ಅದು ರೋಗವಲ್ಲ. ನಾನು ಈ ಕಡೆಯವಳು. ಆದರೆ ನಂಟು ಉಳಿಯಬೇಕಾದರೆ ಆ ಕಡೆ ಒಬ್ಬ ಮನುಷ್ಯರಿರಬೇಕು. ಸಿಟ್ಟಿಲ್ಲದ, ಆಸೆಯಿಲ್ಲದ ದೇವತೆಯ ಹತ್ತಿರ ತಪ್ಪೊಪ್ಪಿಗೆ ಮಾಡಬಹುದು, ಮಾತಾಡಲು ಆಗುವುದಿಲ್ಲ.

ಅವರ ತಂಗಿ ನನಗೆ ಫೋನ್ ಮಾಡಿದರು. “ಹೋದವರ ಬಗ್ಗೆ ಇಂಥದ್ದನ್ನೆಲ್ಲ ಕೆದಕಿಸ್ತೀರಲ್ಲ, ಸರೀನಾ?” ಅಂದರು. ಅಣ್ಣ ನನ್ನ ಹತ್ತಿರ ಹೇಳಿಕೊಂಡದ್ದನ್ನು ಅವರ ಜೊತೆ ಚರ್ಚಿಸುವಂತಿರಲಿಲ್ಲ. ಅವರ ನೋವು ಅರ್ಥವಾಯಿತು, ಅಷ್ಟನ್ನೇ ಹೇಳಿದೆ. ಆದರೂ ನನ್ನ ಸಲಹೆ ಬದಲಾಗಿಲ್ಲ. ಬೇರೆಯವರ ಗುಟ್ಟು ಬಯಲಾಗುವ, ಬದುಕಿರುವವರಿಗೆ ಪೆಟ್ಟಾಗುವ ಸಂಗತಿಯಾಗಿದ್ದರೆ ನಾನೇ ಬೇಡ ಅನ್ನುತ್ತಿದ್ದೆ. ಇದು ಅಂಥದ್ದಲ್ಲ. ತನ್ನ ದಿನಗಳನ್ನು ತಾನೇ ತೀರ್ಮಾನಿಸಿದ ಹೆಂಗಸಿನ ಕಥೆ.

ಇನ್ನೊಂದು ವಿಷಯವನ್ನೂ ಹೇಳಬೇಕು. ಬರೆಯುವುದರಿಂದಲೇ ಎಲ್ಲರಿಗೂ ಸಾಕಾಗುವುದಿಲ್ಲ. ಹಂಬಲ ಸ್ವಲ್ಪವೂ ಇಳಿಯದೆ, ಕೆಲಸ, ನಿದ್ದೆ, ಜನರ ಒಡನಾಟ ಎಲ್ಲ ಕೆಟ್ಟೇ ಇದ್ದರೆ ಅದಕ್ಕೆ ಚಿಕಿತ್ಸೆ ಬೇಕು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಇದಕ್ಕೆ ಈಗ ಬೇರೆಯೇ ಹೆಸರಿದೆ. ಕನಿಷ್ಠ 6 ತಿಂಗಳು ಹೀಗೇ ಇದ್ದರೆ ಅದನ್ನು ದೀರ್ಘಕಾಲದ ಶೋಕ ಅಂತ ಗುರುತಿಸುತ್ತಾರೆ. ಇವರಿಗೂ ನಿದ್ದೆಯ ವಿಷಯಕ್ಕೆ ವೈದ್ಯರನ್ನು ಕಾಣಲು ಹೇಳಿದೆ. ಕಂಡರು.

ಮನೆಯವರೆಲ್ಲ ಸೇರಿದ ದಿನ ಅವರು ಸಿಟ್ಟಿನ ಕಥೆಯನ್ನೂ ಓದಿದರಂತೆ. ಕ್ಲಾಸಿನ ಗೆಳತಿಯರೂ ಬಂದಿದ್ದರಂತೆ. ತಂಗಿ ಇನ್ನೂ ಒಪ್ಪಿಲ್ಲ. ಆದರೆ ‘ನನ್ನ ಅಕ್ಕ ಬೇರೆಯೇ ಇದ್ದಳು’ ಅಂತ ತಾವೂ ಬರೆಯಲು ಶುರು ಮಾಡಿದ್ದಾರೆ. ಮುಗಿದ ಮೇಲೆ ಅದನ್ನು ಕೇಳಿ ಪಡೆದು ಓದಿ ಅಂತ ಇವರಿಗೆ ಹೇಳಿದ್ದೇನೆ.