ಬ್ರಿಟನ್ನಿನ ಮಾದರಿಯನ್ನೇ ತಂದರೂ ನಮ್ಮ ದೂರ ಶಿಕ್ಷಣ ಏಕೆ ಬೇರೆಯಾಗಿ ನಡೆಯುತ್ತದೆ?

ನೀವು ಕೇಳಿದ್ದು ಇದು: ಪುಸ್ತಕ, ಅಸೈನ್‌ಮೆಂಟ್, ಅಧ್ಯಯನ ಕೇಂದ್ರ ಎಲ್ಲವನ್ನೂ ನಾವು ಬ್ರಿಟನ್ನಿನ ಓಪನ್ ಯೂನಿವರ್ಸಿಟಿಯ ಅಚ್ಚಿನಲ್ಲೇ ಮಾಡಿಕೊಂಡಿದ್ದೇವೆ, ಆದರೂ ಇಲ್ಲಿ ಓದುವ ರೀತಿ ಬೇರೆ. ಇದರಲ್ಲಿ ಸಮಾಜ, ಸಂಸ್ಕೃತಿಯ ಪಾಲೆಷ್ಟು?

ಬಹುಪಾಲು ಅದರದ್ದೇ ಎನ್ನುತ್ತೇನೆ. ಕಾಲೇಜು ಕಟ್ಟಡ ವಿದ್ಯಾರ್ಥಿಗೆ ಪಾಠ ಕೊಡುವುದಕ್ಕೂ ಮೊದಲು ಕೂರಲು ಜಾಗ, ಓದಲು ಹೊತ್ತು, ಮನೆ ಬಿಟ್ಟು ಹೊರಡಲು ಒಂದು ಕಾರಣ ಕೊಡುತ್ತದೆ. ದೂರ ಶಿಕ್ಷಣದಲ್ಲಿ ಓದು ಮನೆಯೊಳಗೆ ಬರುತ್ತದೆ. ಬಂದ ಮೇಲೆ ಆ ಮನೆಯ ಕಟ್ಟುಪಾಡು ಏನಿದೆಯೋ ಅದರ ಪ್ರಕಾರವೇ ನಡೆಯಬೇಕು.

ಇತಿಹಾಸ ಚುಟುಕಾಗಿ ಹೇಳುತ್ತೇನೆ. ದೆಹಲಿ ವಿಶ್ವವಿದ್ಯಾಲಯ ಅಂಚೆ ಶಿಕ್ಷಣ ಶುರು ಮಾಡಿದ್ದು 1962ರಲ್ಲಿ. ಮೈಸೂರು ವಿಶ್ವವಿದ್ಯಾಲಯದ ಅಂಚೆ ತೆರಪಿನ ಶಿಕ್ಷಣ 1969ರ ಹೊತ್ತಿಗೆ ಬಂತು. ಅದೇ 1969ರಲ್ಲಿ ಬ್ರಿಟನ್ನಿನ ಓಪನ್ ಯೂನಿವರ್ಸಿಟಿ ಸ್ಥಾಪನೆಯಾಗಿ, 1971ರ ಜನವರಿಯಲ್ಲಿ ಪಾಠ ಆರಂಭಿಸಿತು. ನಮ್ಮಲ್ಲಿ ಹೈದರಾಬಾದಿನ ಮುಕ್ತ ವಿಶ್ವವಿದ್ಯಾಲಯ 1982ರಲ್ಲಿ, ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ (ಇಗ್ನೋ) 1985ರಲ್ಲಿ, ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ 1996ರಲ್ಲಿ ಹುಟ್ಟಿದವು. ಅಂದರೆ ಹೊರಗಿನ ಮಾದರಿ ಬರುವ ಮುಂಚೆಯೇ ಇಲ್ಲಿ 'ಕರೆಸ್ಪಾಂಡೆನ್ಸ್' ಎನ್ನುವ ಅಭ್ಯಾಸ ಬೇರೂರಿತ್ತು: ಪುಸ್ತಕ ತರಿಸಿಕೊ, ಪರೀಕ್ಷೆ ಕಟ್ಟು, ಪಾಸಾಗು.

ಸರ್ಟಿಫಿಕೇಟಿನ ಹಂಬಲ ನಮ್ಮಲ್ಲಿ ಮಾತ್ರ ಎಂದುಕೊಳ್ಳಬೇಡಿ. ಬ್ರಿಟನ್ನಿನಲ್ಲೂ ಮೊದಲ ವರ್ಷಗಳಲ್ಲಿ ಡಿಗ್ರಿ ಬೇಕಾಗಿದ್ದ ಶಾಲಾ ಶಿಕ್ಷಕರೇ ಬಹಳ ಮಂದಿ ಸೇರಿದ್ದರು. ಆದರೆ ಇಲ್ಲಿ ಬಡ್ತಿಗೂ ಗಂಡು–ಹೆಣ್ಣು ನೋಡುವಾಗಲೂ 'ಡಿಗ್ರಿ ಆಗಿದೆಯಾ' ಎಂಬ ಪ್ರಶ್ನೆ ಬರುತ್ತದೆ, ಅದರ ಬೆನ್ನಿಗೇ 'ರೆಗ್ಯುಲರ್ರಾ, ಕರೆಸ್ಪಾಂಡೆನ್ಸಾ' ಎಂಬುದೂ ಬರುತ್ತದೆ. ನಮ್ಮ ನಿಯಮಗಳಲ್ಲಿ ಅರ್ಧದಷ್ಟು ಈ ಎರಡನೇ ಪ್ರಶ್ನೆಗೆ ಕೊಟ್ಟ ಉತ್ತರಗಳೇ. ರಾಜ್ಯದ ಗಡಿ ದಾಟಿ ಖಾಸಗಿ ಸಂಸ್ಥೆಗಳ ಮೂಲಕ ಕೋರ್ಸ್ ನಡೆಸಿದ ವಿಚಾರದಲ್ಲಿ ಮೈಸೂರಿನ ಮುಕ್ತ ವಿವಿಗೆ 2012–13ರ ನಂತರದ ಮಾನ್ಯತೆ ಇಲ್ಲವೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2015ರಲ್ಲಿ ಪ್ರಕಟಿಸಿತು. ಮಾನ್ಯತೆ ಮರಳಿದ್ದು 2018–19ನೇ ಸಾಲಿಗೆ. ನಡುವೆ ಸಿಕ್ಕಿಕೊಂಡವರ ಪಾಡು ನೆನೆದರೆ ಈಗಲೂ ಸಂಕಟವಾಗುತ್ತದೆ. ಮಾನ್ಯತೆ ಇರುವ ದೂರ ಶಿಕ್ಷಣದ ಪದವಿ ರೆಗ್ಯುಲರ್ ಪದವಿಗೆ ಸಮ ಎಂದು ಯುಜಿಸಿ 2022ರಲ್ಲಿ ಮತ್ತೊಮ್ಮೆ ಸಾರಿ ಹೇಳಬೇಕಾಗಿ ಬಂದದ್ದಕ್ಕೂ ಇದೇ ಅಪನಂಬಿಕೆ ಹಿನ್ನೆಲೆ.

ನೀವು ಹೆಚ್ಚು ಒತ್ತು ಕೊಡಬೇಕಾದದ್ದು ಹೊತ್ತಿನ ವಿಚಾರಕ್ಕೆ. ಇಗ್ನೋ ಲೆಕ್ಕದಲ್ಲಿ ಒಂದು ಕ್ರೆಡಿಟ್ ಎಂದರೆ 30 ಗಂಟೆ ಓದು. ಆರು ತಿಂಗಳಿಗೆ 20 ಕ್ರೆಡಿಟ್ ತೆಗೆದುಕೊಂಡರೆ 600 ಗಂಟೆ, ದಿನಕ್ಕೆ ಮೂರು ಗಂಟೆಗೂ ಮೇಲೆ. ಇದರ ಪಕ್ಕದಲ್ಲಿ 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯನ್ನು ಇಟ್ಟು ನೋಡಿ: ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರಿಗೆ ದಿನಕ್ಕೆ 299 ನಿಮಿಷ ಹಿಡಿಯುತ್ತದೆ, ಗಂಡಸರಿಗೆ 97. ಮನೆಯಲ್ಲಿ ಓದುವ ಹೆಣ್ಣುಮಗಳಿಗೆ ಉಳಿಯುವುದು ಪಾತ್ರೆ ತೊಳೆದಾದ ಮೇಲಿಂದ ಮಕ್ಕಳು ಶಾಲೆಯಿಂದ ಬರುವವರೆಗಿನ ಅವಧಿ. ಅದರಲ್ಲೂ ಪುಸ್ತಕ ಹಿಡಿದು ಕೂತವಳು ಖಾಲಿ ಕೂತವಳು ಎಂದೇ ಲೆಕ್ಕ. 'ಸುಮ್ನೆ ಕೂತಿದ್ದೀಯಲ್ಲ, ಒಂಚೂರು ಟೀ ಇಡು' ಎನ್ನುತ್ತಾರೆ. ಸಂಪರ್ಕ ತರಗತಿಗೆ, ಅಂದರೆ ಅಧ್ಯಯನ ಕೇಂದ್ರದಲ್ಲಿ ನಡೆಯುವ ಮುಖಾಮುಖಿ ಪಾಠಕ್ಕೆ, ಹೋಗುವಾಗ ಯಾರೂ ಹಾಗೆನ್ನುವುದಿಲ್ಲ, ಏಕೆಂದರೆ ಅದಕ್ಕೆ ದಿನಾಂಕವಿದೆ, ಬಸ್ಸಿನ ಹೊತ್ತಿದೆ. ಆದ್ದರಿಂದ ನಮ್ಮಲ್ಲಿ ಸಂಪರ್ಕ ತರಗತಿಯ ಬೆಲೆ ಪಾಠಕ್ಕಿಂತ ಅದು ಕೊಡುವ ಅನುಮತಿಯಲ್ಲಿದೆ. ವಿಡಿಯೊ ಪಾಠ ಬಂತೆಂದು ಅದನ್ನು ಕೈಬಿಟ್ಟರೆ ಮೊದಲು ಓದು ನಿಲ್ಲಿಸುವವರು ಇವರೇ. 2023ರ ಶಕ್ತಿ ಯೋಜನೆಯಿಂದ ರಾಜ್ಯದಲ್ಲಿ ಹೆಂಗಸರಿಗೆ ಬಸ್ ಚಾರ್ಜಿನ ತಾಪತ್ರಯ ಹೋಯಿತು, ಸಂಜೆ ಊರಿಗೆ ವಾಪಸಾಗುವ ಚಿಂತೆ ಹೋಗಿಲ್ಲ. ತರಗತಿಯನ್ನು ಬೆಳಗ್ಗೆ ಹತ್ತೂವರೆಗೆ ಶುರು ಮಾಡಿ ಮೂರೂವರೆಗೆ ಬಿಡಬೇಕು. ಇಡೀ ಸೆಮಿಸ್ಟರಿನ ದಿನಾಂಕಗಳನ್ನು ಮೊದಲೇ ಮುದ್ರಿಸಿ, ಸೀಲು ಹಾಕಿದ ಕಾಗದದಲ್ಲಿ ಕೊಡಬೇಕು. ವಾಟ್ಸ್‌ಆ್ಯಪ್ ಸಂದೇಶ ಮನೆಯ ಹಿರಿಯರ ಮುಂದೆ ನಿಲ್ಲುವುದಿಲ್ಲ, ಕಾಗದ ನಿಲ್ಲುತ್ತದೆ.

ಅಸೈನ್‌ಮೆಂಟಿನ ಕಥೆಯೂ ಹೀಗೇ. ಬ್ರಿಟನ್ನಿನಲ್ಲಿ ಅದು ಪಾಠದ ಜೀವಾಳ: ವಿದ್ಯಾರ್ಥಿ ಬರೆಯುತ್ತಾನೆ, ಟ್ಯೂಟರ್ ಟಿಪ್ಪಣಿ ಹಾಕಿ ವಾಪಸ್ ಕಳಿಸುತ್ತಾರೆ. ಇಗ್ನೋದ ಹೆಚ್ಚಿನ ಕೋರ್ಸುಗಳಲ್ಲಿ ಅದಕ್ಕೆ ಶೇ. 30, ಪರೀಕ್ಷೆಗೆ ಶೇ. 70. ಹತ್ತು ವರ್ಷ ಗೈಡಿನಲ್ಲಿದ್ದಂತೆ ಬರೆದರೇ ಅಂಕ ಎಂದು ಕಲಿತವರಿಗೆ 'ನಿಮ್ಮ ಮಾತಿನಲ್ಲಿ ಬರೆಯಿರಿ' ಎಂದರೆ ದಿಕ್ಕೇ ತೋಚುವುದಿಲ್ಲ. ಹಾಗಾಗಿ ಬರೆದಿಟ್ಟ ಉತ್ತರಗಳು ಮಾರಾಟಕ್ಕೆ ಬಂದಿವೆ. ಬೈದು ಫಲವಿಲ್ಲ, ಪ್ರಶ್ನೆ ಬದಲಿಸಬೇಕು. 'ಸ್ವಸಹಾಯ ಸಂಘಗಳ ಮಹತ್ವ ವಿವರಿಸಿ' ಎನ್ನುವ ಬದಲು 'ನಿಮ್ಮೂರಿನ ಸ್ತ್ರೀಶಕ್ತಿ ಸಂಘದ ನಡಾವಳಿ ಪುಸ್ತಕ ನೋಡಿ, ಮೂರು ತಿಂಗಳಲ್ಲಿ ಕೊಟ್ಟ ಸಾಲ, ಬಂದ ಕಂತು ಬರೆಯಿರಿ' ಎಂದರೆ ಆ ಉತ್ತರ ಯಾವ ಜೆರಾಕ್ಸ್ ಅಂಗಡಿಯಲ್ಲೂ ಸಿಗುವುದಿಲ್ಲ.

ಭಾಷೆ ಇನ್ನೊಂದು ತೊಡಕು. ಇಗ್ನೋ ಸಾಮಗ್ರಿ ಬಹುಮಟ್ಟಿಗೆ ಇಂಗ್ಲಿಷ್, ಹಿಂದಿಯಲ್ಲಿರುತ್ತದೆ. ಕನ್ನಡದಲ್ಲಿ ಸಿಕ್ಕಿದರೂ 'ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮ' ಎಂಬ ತಲೆಬರಹ ಕಂಡು ಒಂಟಿಯಾಗಿ ಓದುವವರು ಪುಟ ಮಡಚುತ್ತಾರೆ. ತರಗತಿಯಲ್ಲಾದರೆ ಮೇಷ್ಟ್ರು 'ಮೊದಲ ಹೋಳಿಗೆಯ ರುಚಿ ನಾಲ್ಕನೆಯದಕ್ಕಿರಲ್ಲ' ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ದೂರ ಶಿಕ್ಷಣದ ಪುಸ್ತಕದಲ್ಲಿ ಆ ಮಾತೂ ಅಚ್ಚಾಗಿರಬೇಕು.

ಕೊನೆಯದಾಗಿ, ಸಂಸ್ಕೃತಿ ಅರ್ಜಿಯ ಫಾರಂನಲ್ಲೇ ತಡೆಯುವ ಜಾಗ: ಹೆಸರು. ನಮ್ಮ ಹೆಸರಿಗೆ ಇನಿಷಿಯಲ್, ಫಾರಂಗೆ ಸರ್‌ನೇಮ್. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ತಂದೆಯ ಇನಿಷಿಯಲ್, ಮದುವೆಯಾದ ಮೇಲೆ ಆಧಾರ್‌ನಲ್ಲಿ ಗಂಡನ ಹೆಸರು. ಈಗ ಪ್ರವೇಶಕ್ಕೆ ಡೆಬ್ ಐಡಿ (ಯುಜಿಸಿಯ ದೂರ ಶಿಕ್ಷಣ ವಿಭಾಗ ಕೊಡುವ ಗುರುತಿನ ಸಂಖ್ಯೆ) ಬೇಕು, ಅದಕ್ಕೆ ಎಬಿಸಿ ಐಡಿ (ವಿದ್ಯಾರ್ಥಿಯ ಕ್ರೆಡಿಟ್‌ಗಳನ್ನು ಜಮಾ ಇಡುವ ಡಿಜಿಟಲ್ ಖಾತೆಯ ಸಂಖ್ಯೆ) ಬೇಕು, ಅದು ಆಧಾರ್‌ನಲ್ಲಿರುವ ಹೆಸರನ್ನೇ ಹಿಡಿಯುತ್ತದೆ. ಆದ್ದರಿಂದ ಶುಲ್ಕ ಕಟ್ಟುವ ಮೊದಲೇ ಅಂಕಪಟ್ಟಿ ಮತ್ತು ಆಧಾರ್ ಎರಡನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಬೇಕು. ಆಧಾರ್‌ನಲ್ಲಿ ಹೆಸರು ತಿದ್ದಲು ಸಿಗುವುದು ಎರಡೇ ಅವಕಾಶ, ಮದುವೆಯಾದಾಗ ಒಂದು ಖರ್ಚಾಗಿರುತ್ತದೆ. ಮೊಬೈಲ್ ನಂಬರ್ ವಿದ್ಯಾರ್ಥಿನಿಯದ್ದೇ ಇರಲಿ. ಸೈಬರ್ ಸೆಂಟರಿನವರು ತಮ್ಮದೋ, ಮನೆಯವರು ಗಂಡನದೋ ಕೊಟ್ಟುಬಿಡುತ್ತಾರೆ. ಆಮೇಲೆ ಒಟಿಪಿ ಹೋಗುವುದು ಆ ನಂಬರಿಗೇ. ಪುಸ್ತಕದ ಪಾರ್ಸಲ್ಲಿಗೂ ತವರಿನ ವಿಳಾಸ ಕೊಡದೆ, ಈಗ ಇರುವ ಮನೆಯದನ್ನೇ ಬರೆಸಿ.