ಹಳದಿ ವಜ್ರಕ್ಕೆ ಬಣ್ಣ ಎಲ್ಲಿಂದ ಬಂತು?

ಪ್ರಶ್ನೆ: ಮಗಳ ನಿಶ್ಚಿತಾರ್ಥಕ್ಕೆ ಉಂಗುರ ಕೊಳ್ಳಲು ಹೋಗಿದ್ದಾಗ ಅಂಗಡಿಯವರು ಹಳದಿ ಹರಳೊಂದನ್ನು ತೋರಿಸಿ, ಇದು ಅಪ್ಪಟ ವಜ್ರವೇ, ಬಣ್ಣವೂ ಸಹಜವಾದದ್ದೇ ಎಂದರು. ವಜ್ರವೆಂದರೆ ಶುದ್ಧ ಇಂಗಾಲವೆಂದು ಶಾಲೆಯಲ್ಲಿ ಓದಿದ ನೆನಪು. ಹಾಗಿದ್ದ ಮೇಲೆ ಅದಕ್ಕೆ ಬಣ್ಣ ಬರುವುದು ಹೇಗೆ? ಅದು ಸಹಜವೆಂದು ಖಚಿತಪಡಿಸಿಕೊಳ್ಳುವುದು ಹೇಗೆ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ನೀವು ಶಾಲೆಯಲ್ಲಿ ಓದಿದ್ದು ತಪ್ಪಲ್ಲ. ಇಂಗಾಲದ ಪ್ರತಿಯೊಂದು ಪರಮಾಣುವೂ ನೆರೆಯ ನಾಲ್ಕು ಪರಮಾಣುಗಳನ್ನು ಬಿಗಿಯಾಗಿ ಹಿಡಿದುಕೊಂಡಿರುವ ಹಂದರವೇ ವಜ್ರ. ಆ ಹಿಡಿತದಿಂದ ಎಲೆಕ್ಟ್ರಾನೊಂದನ್ನು ಕದಲಿಸುವಷ್ಟು ಶಕ್ತಿ ಕಣ್ಣಿಗೆ ಕಾಣುವ ಬೆಳಕಿಗೆ ಇಲ್ಲದ್ದರಿಂದ, ಒಳಹೊಕ್ಕ ಬೆಳಕು ಯಾವ ಬಣ್ಣವನ್ನೂ ಕಳೆದುಕೊಳ್ಳದೆ ಹೊರಬರುತ್ತದೆ, ಹರಳು ತಿಳಿನೀರಿನಂತೆ ಕಾಣುತ್ತದೆ. ಬಣ್ಣ ಬರಬೇಕಾದರೆ ಈ ಹಂದರದಲ್ಲಿ ಎಲ್ಲಾದರೂ ಒಂದು ಐಬು ಇರಬೇಕು. ಬಣ್ಣದ ವಜ್ರಕ್ಕೂ ‘ಶುದ್ಧ’ ಎಂಬ ಮಾತನ್ನು ವ್ಯಾಪಾರಿಗಳು ಧಾರಾಳವಾಗಿ ಬಳಸುತ್ತಾರಾದರೂ, ಗಿರಾಕಿ ಹೆಚ್ಚಿನ ಹಣ ತೆರುವುದು ಆ ಐಬಿಗೇ.

ನೀವು ನೋಡಿದ ಹಳದಿಗೆ ಕಾರಣ ಸಾರಜನಕ. ಗಾತ್ರದಲ್ಲಿ ಇಂಗಾಲಕ್ಕೆ ಹತ್ತಿರವಿರುವುದರಿಂದ ಅದು ಇಂಗಾಲದ ಜಾಗದಲ್ಲಿ ಸುಲಭವಾಗಿ ಸೇರಿಕೊಳ್ಳುತ್ತದೆ. ಆದರೆ ಅದರ ಬಳಿ ಒಂದು ಎಲೆಕ್ಟ್ರಾನ್ ಹೆಚ್ಚಿಗೆ ಇರುತ್ತದೆ. ಸಡಿಲವಾಗಿರುವ ಆ ಎಲೆಕ್ಟ್ರಾನ್ ಬೆಳಕಿನ ನೇರಳೆ ಮತ್ತು ನೀಲಿ ಭಾಗವನ್ನು ಹೀರಿಕೊಂಡಾಗ ನಮ್ಮ ಕಣ್ಣಿಗೆ ಉಳಿಯುವುದು ಹಳದಿ. ಹಾಗೆಂದು ಸಾರಜನಕ ಹೆಚ್ಚಿದಷ್ಟೂ ಬಣ್ಣ ಗಾಢವಾಗುತ್ತದೆ ಎನ್ನುವಂತಿಲ್ಲ. ಭೂಮಿಯೊಳಗೆ 150 ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿ, ಕೋಟಿಗಟ್ಟಲೆ ವರ್ಷಗಳ ಕಾವಿನಲ್ಲಿ, ಒಂಟಿಯಾಗಿದ್ದ ಸಾರಜನಕದ ಪರಮಾಣುಗಳು ನಿಧಾನವಾಗಿ ಸರಿದು ಜೋಡಿಯಾಗುತ್ತವೆ. ಜೋಡಿಯಾದವು ಕಾಣುವ ಬೆಳಕನ್ನು ಮುಟ್ಟುವುದಿಲ್ಲವಾದ್ದರಿಂದ, ಸಾಕಷ್ಟು ಸಾರಜನಕವಿರುವ ಹರಳೂ ಬಣ್ಣವಿಲ್ಲದೆ ಕಾಣಬಹುದು. ಒಂದು ಖಾಲಿ ಜಾಗದ ಸುತ್ತ ಮೂರು ಪರಮಾಣುಗಳು ಸೇರಿದರೆ ಒಣಹುಲ್ಲಿನಂತಹ ತೆಳುಹಳದಿ ಬರುತ್ತದೆ. ಕಣ್ಣು ಕುಕ್ಕುವ ಗಾಢ ಹಳದಿ ಬರುವುದು ಒಂಟಿ ಪರಮಾಣುಗಳು ಒಂಟಿಯಾಗಿಯೇ ಉಳಿದಾಗ. ನೆಲದಿಂದ ಬರುವ ವಜ್ರಗಳಲ್ಲಿ ಅಂಥವು ತೀರ ವಿರಳ.

ನೀಲಿಗೆ ಕಾರಣ ಬೋರಾನ್. ಹತ್ತು ಲಕ್ಷ ಪರಮಾಣುಗಳಲ್ಲಿ ಒಂದರಷ್ಟಿದ್ದರೂ ಸಾಕು, ಅದು ಬೆಳಕಿನ ಕೆಂಪು ಅಂಚನ್ನು ಹೀರಿಕೊಂಡು ಹರಳನ್ನು ನೀಲಿಯಾಗಿಸುತ್ತದೆ, ಮಾತ್ರವಲ್ಲ, ವಿದ್ಯುತ್ತನ್ನು ಹರಿಯಗೊಡದ ವಜ್ರವನ್ನು ಅರೆವಾಹಕವನ್ನಾಗಿಯೂ ಮಾಡುತ್ತದೆ. ಕೃಷ್ಣಾ ನದಿಯ ದಡದ ಕೊಲ್ಲೂರಿನ ಗಣಿಯದೆಂದು ನಂಬಲಾದ, ಟಾವೆರ್ನಿಯೆ ಎಂಬ ಫ್ರೆಂಚ್ ವ್ಯಾಪಾರಿ 1668ರಲ್ಲಿ ದೊರೆ ಹದಿನಾಲ್ಕನೆಯ ಲೂಯಿಗೆ ಮಾರಿದ ನೀಲಿ ಹರಳೇ ಮುಂದೆ ಕಳುವಾಗಿ, ಮರುಕೆತ್ತನೆಗೊಂಡು ‘ಹೋಪ್’ ವಜ್ರವಾಯಿತು. 45.52 ಕ್ಯಾರೆಟ್ ತೂಕದ ಅದು ಈಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹಾಲಯದಲ್ಲಿದೆ. ಅದರ ಮೇಲೆ ನೇರಳಾತೀತ ಬೆಳಕನ್ನು ಹಾಯಿಸಿ ದೀಪ ಆರಿಸಿದರೆ, ಆ ನೀಲಿ ಹರಳು ಬೂದಿ ಸರಿಸಿದ ಕೆಂಡದಂತೆ ಸ್ವಲ್ಪ ಹೊತ್ತು ಕೆಂಪಗೆ ಹೊಳೆಯುತ್ತದೆ.

ಹಸಿರಿಗೆ ಹೊರಗಿನ ಮೂಲವಸ್ತು ಬೇಕಿಲ್ಲ. ಬಳಿಯ ಬಂಡೆಯಲ್ಲೋ ಅಂತರ್ಜಲದಲ್ಲೋ ಇರುವ ಯುರೇನಿಯಂನಂತಹ ವಸ್ತುಗಳ ವಿಕಿರಣವು ಇಂಗಾಲದ ಪರಮಾಣುಗಳನ್ನು ಅವುಗಳ ಜಾಗದಿಂದ ಹೊರದಬ್ಬುತ್ತದೆ. ತೆರವಾದ ಆ ಜಾಗಗಳೇ ಹಸಿರನ್ನು ಕೊಡುತ್ತವೆ. ಅನೇಕ ಸಲ ಈ ಬಣ್ಣ ಸಿಪ್ಪೆಯಷ್ಟೇ ತೆಳುವಾಗಿದ್ದು, ಸಾಣೆ ಹಿಡಿದಾಗ ಉದುರಿಹೋಗುತ್ತದೆ. ಜರ್ಮನಿಯ ಡ್ರೆಸ್ಡೆನ್ ನಗರದಲ್ಲಿರುವ ಸುಮಾರು 41 ಕ್ಯಾರೆಟ್ಟಿನ ಹಸಿರು ವಜ್ರಕ್ಕೆ ಅಷ್ಟು ಹೆಸರು ಬಂದಿರುವುದು ಅದರ ಬಣ್ಣ ಒಳಗೂ ಇಳಿದಿರುವುದರಿಂದ.

ಎಲ್ಲಕ್ಕಿಂತ ಸೋಜಿಗದ್ದು ಗುಲಾಬಿ. ಸಾಮಾನ್ಯ ಗುಲಾಬಿ ವಜ್ರದಲ್ಲಿ ಬಣ್ಣಕ್ಕೆ ಮೂಲ ಭೂಗರ್ಭದ ಒತ್ತಡ. ಹಂದರದ ಪದರಗಳು ಒಂದರ ಮೇಲೊಂದು ಜಾರಿ ತಿರುಚಿಕೊಂಡಾಗ ಅದು ಮೂಡುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಣ್ಣವು ಹರಳಿನ ತುಂಬ ಹರಡಿರದೆ, ಒಂದರ ಪಕ್ಕ ಒಂದು ಎಳೆದ ಗೆರೆಗಳಂತೆ ಕಾಣುವುದುಂಟು. ಜಗತ್ತಿನ ಬಹುಪಾಲು ಗುಲಾಬಿ ವಜ್ರಗಳನ್ನು ಕೊಟ್ಟ ಪಶ್ಚಿಮ ಆಸ್ಟ್ರೇಲಿಯಾದ ಆರ್ಗೈಲ್ ಗಣಿ 2020ರಲ್ಲಿ ಮುಚ್ಚಿತು. ಅಲ್ಲಿ ಸಿಕ್ಕಿದ್ದರಲ್ಲಿ ಹೆಚ್ಚಿನವು ಇಂಥದೇ ತಿರುಚಿನಿಂದ ಬಣ್ಣ ಪಡೆದ ಕಂದು ಹರಳುಗಳು. ಗುಲಾಬಿಯ ಪಾಲು ನೂರಕ್ಕೆ ಒಂದಕ್ಕಿಂತಲೂ ಕಡಿಮೆ.

ಇನ್ನು ನಂಬಿಕೆಯ ಮಾತು. ನೆಲದೊಳಗೆ ನಡೆಯುವ ಈ ಕ್ರಿಯೆಗಳಲ್ಲಿ ಹಲವನ್ನು ಇಂದು ಕಾರ್ಖಾನೆಯಲ್ಲಿಯೂ ನಡೆಸಬಹುದು. ಎಲೆಕ್ಟ್ರಾನ್ ವಿಕಿರಣಕ್ಕೆ ಒಡ್ಡಿ ಬಳಿಕ ಕಾಯಿಸಿದರೆ ಅಗ್ಗದ ಹರಳಿಗೂ ಹಳದಿ, ಕಿತ್ತಳೆ, ಗುಲಾಬಿ ಬಣ್ಣಗಳು ಬರುತ್ತವೆ. ಹೆಚ್ಚಿನ ಒತ್ತಡ ಮತ್ತು ಉಷ್ಣದಲ್ಲಿ ಬೆಳೆಸುವ ವಜ್ರದೊಳಗೆ ಗಾಳಿಯ ಸಾರಜನಕ ನುಸುಳಿಕೊಳ್ಳುವುದರಿಂದ, ತಡೆಯುವ ಏರ್ಪಾಡು ಮಾಡದಿದ್ದರೆ ಅದು ತಾನಾಗಿಯೇ ಹಳದಿಯಾಗುತ್ತದೆ. ಎರಡೂ ವಜ್ರವೇ, ಬೆಲೆ ಮಾತ್ರ ಬಹಳ ಬೇರೆ. ಅಂಗಡಿಯ ಭೂತಗನ್ನಡಿಯಲ್ಲಿ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಪ್ರಯೋಗಾಲಯದವರು ಹರಳನ್ನು ದ್ರವ ಸಾರಜನಕದಲ್ಲಿ ತಣ್ಣಗಾಗಿಸಿ, ಅದು ಯಾವ ಅಲೆಯುದ್ದದ ಬೆಳಕನ್ನು ಹೀರುತ್ತದೆಂದು ರೋಹಿತಮಾಪಕದಲ್ಲಿ ಅಳೆದು ಹೇಳುತ್ತಾರೆ. ಆದ್ದರಿಂದ ಅಂಗಡಿಯವರಲ್ಲಿ ಮಾನ್ಯತೆ ಪಡೆದ ಪ್ರಯೋಗಾಲಯದ ವರದಿಯನ್ನು ಕೇಳಿ. ಅದರಲ್ಲಿ ತೂಕ, ಕೆತ್ತನೆಗಳಿಗಿಂತ ಮೊದಲು ಎರಡು ವಿವರಗಳನ್ನು ಓದಿ: ಹರಳು ನೆಲದ್ದೋ ಬೆಳೆಸಿದ್ದೋ, ಮತ್ತು ಬಣ್ಣದ ಮೂಲ ಸಹಜವೋ ಸಂಸ್ಕರಿಸಿದ್ದೋ. ಬೆಲೆಯ ಚೌಕಾಸಿಗೆ ಇಳಿಯುವುದು ಅದಾದ ಮೇಲೆ.